ಅಂಕವಿಲ್ಲದ ಗಂಟೆ: ಕಾಲೇಜು, ವ್ಯಕ್ತಿತ್ವ ಮತ್ತು ಕನ್ನಡ ಆತ್ಮಕಥನಗಳ ಸಾಕ್ಷ್ಯ

ಪದವಿ ಶಿಕ್ಷಣದ ಗುರಿಯನ್ನು ಕುರಿತ ಈಚಿನ ಚರ್ಚೆಗಳಲ್ಲಿ ‘ಜೀವನ ಕೌಶಲ’ ಎಂಬ ನುಡಿಗಟ್ಟು ಕೇಂದ್ರಸ್ಥಾನಕ್ಕೆ ಬಂದು ಕುಳಿತಿದೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರ ದಶಕದಲ್ಲಿ ಶಾಲಾ ಮಕ್ಕಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಹತ್ತು ಕೌಶಲಗಳ ಪಟ್ಟಿಯೊಂದನ್ನು ಮುಂದಿಟ್ಟಿತು. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ಗ್ರಹಿಸುವುದು, ನಿರ್ಧಾರ ಕೈಗೊಳ್ಳುವುದು, ಭಾವೋದ್ವೇಗವನ್ನು ನಿಭಾಯಿಸುವುದು ಮೊದಲಾದವು ಆ ಪಟ್ಟಿಯಲ್ಲಿದ್ದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೯ರಲ್ಲಿ ಪದವಿ ತರಗತಿಗಳಿಗಾಗಿ ಇದೇ ಹೆಸರಿನ ಪಠ್ಯಕ್ರಮವನ್ನು ರೂಪಿಸಿ, ಅದನ್ನು ಸಂವಹನ, ವೃತ್ತಿ, ನಾಯಕತ್ವ ಮತ್ತು ನಿರ್ವಹಣೆ, ಸಾರ್ವತ್ರಿಕ ಮಾನವೀಯ ಮೌಲ್ಯ ಎಂಬ ನಾಲ್ಕು ಭಾಗಗಳಾಗಿ ವಿಂಗಡಿಸಿತು. ಕರ್ನಾಟಕದಲ್ಲಿ ೨೦೨೧-೨೨ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟು ಜಾರಿಗೆ ಬಂದಾಗ ‘ಕೌಶಲ’ ಎಂಬ ಪದವನ್ನು ಹೊತ್ತ ಪತ್ರಿಕೆಗಳು ಪದವಿ ತರಗತಿಗಳನ್ನು ಪ್ರವೇಶಿಸಿದವು. ೨೦೨೪-೨೫ರಿಂದ ರಾಜ್ಯವು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಚೌಕಟ್ಟುಗಳು ಹೀಗೆ ಬದಲಾಗುತ್ತಿದ್ದರೂ ಅವುಗಳ ಹಿಂದಿನ ಒಂದು ಗ್ರಹಿಕೆ ಮಾತ್ರ ಬದಲಾಗಿಲ್ಲ. ವ್ಯಕ್ತಿತ್ವ ಎಂಬುದು ಬೋಧಿಸಬಹುದಾದ, ಪರೀಕ್ಷಿಸಬಹುದಾದ, ಅಂಕ ಕೊಡಬಹುದಾದ ಒಂದು ವಿಷಯ ಎಂಬ ಗ್ರಹಿಕೆ ಅದು. ಈ ಗ್ರಹಿಕೆಯನ್ನು ಕನ್ನಡದ ಅನುಭವದ ಆಧಾರದಿಂದ ಪ್ರಶ್ನಿಸುವುದು ಪ್ರಸ್ತುತ ಬರಹದ ಉದ್ದೇಶ.

ಮೊದಲಿಗೆ ಪದದ ವಿಚಾರ. ‘ಕೌಶಲ’ ಸರಿಯೋ ‘ಕೌಶಲ್ಯ’ ಸರಿಯೋ ಎಂಬ ವಾದ ನಮ್ಮ ಅಧ್ಯಾಪಕರ ಕೊಠಡಿಗಳಲ್ಲಿ ಆಗಾಗ ನಡೆಯುತ್ತಿರುತ್ತದೆ. ಆ ವಾದಕ್ಕಿಂತ ಮುಖ್ಯವಾದ ಸಂಗತಿ ಮೂಲಪದವಾದ ‘ಕುಶಲ’ದಲ್ಲಿದೆ. ಅಂಚು ಹರಿತವಾದ ಕುಶ ಎಂಬ ಹುಲ್ಲನ್ನು ಕೈ ಕೊಯ್ದುಕೊಳ್ಳದೆ ತರಬಲ್ಲವನು ಕುಶಲ ಎಂಬ ಸಾಂಪ್ರದಾಯಿಕ ನಿಷ್ಪತ್ತಿ ಎಲ್ಲರಿಗೂ ಗೊತ್ತು. ಆದರೆ ಕನ್ನಡದ ದಿನಬಳಕೆಯಲ್ಲಿ ಈ ಪದಕ್ಕೆ ನೈಪುಣ್ಯದ ಜೊತೆಗೆ ಕ್ಷೇಮ ಎಂಬ ಅರ್ಥವೂ ಇದೆ. ‘ಕುಶಲವೇ?’ ಎಂದು ಕೇಳುವಾಗ ನಾವು ಯಾರ ನೈಪುಣ್ಯವನ್ನೂ ವಿಚಾರಿಸುವುದಿಲ್ಲ. ಊಟ, ಆರೋಗ್ಯ, ಮನೆಮಂದಿಯ ಸುದ್ದಿ, ಮಳೆಬೆಳೆ ಎಲ್ಲವನ್ನೂ ಒಂದೇ ಮಾತಿನಲ್ಲಿ ಕೇಳುತ್ತೇವೆ. ಇಂದಿನ ಪಠ್ಯಕ್ರಮ ಈ ಎರಡು ಅರ್ಥಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದೆ. ವಿದ್ಯಾರ್ಥಿಯ ನೈಪುಣ್ಯದ ಬಗ್ಗೆ ಅದು ಕಾಳಜಿ ವಹಿಸುತ್ತದೆ, ಕ್ಷೇಮದ ಬಗ್ಗೆ ಅಷ್ಟಾಗಿ ಅಲ್ಲ. ಇದು ಬರಿಯ ಪದಚಮತ್ಕಾರವಲ್ಲ ಎಂಬುದನ್ನು ಮುಂದೆ ನೋಡಬಹುದು.

ಇನ್ನೊಂದು ತೊಡಕೂ ಇದೆ. ಬದುಕಿನ ಕೌಶಲಗಳನ್ನು ಕಾಲೇಜು ಕಲಿಸುತ್ತದೆ ಎನ್ನುವಾಗ, ಕಾಲೇಜಿಗೆ ಬರುವ ಮುನ್ನ ವಿದ್ಯಾರ್ಥಿಗೆ ಅವು ಇರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ. ಓದುಬರಹದ ಕಟ್ಟುಪಾಡಿಲ್ಲದೆಯೂ ಕಾವ್ಯದ ಪ್ರಯೋಗದಲ್ಲಿ ಪರಿಣತರಾದ ಜನರನ್ನು ಕವಿರಾಜಮಾರ್ಗಕಾರ ಒಂಬತ್ತನೆಯ ಶತಮಾನದಲ್ಲೇ ಗುರುತಿಸಿ ಮೆಚ್ಚಿದ್ದಾನೆ. ಬೆಳಗಿನ ಜಾವ ಹಾಲು ಕರೆದು ಡೈರಿಗೆ ಹಾಕಿ, ತಮ್ಮನನ್ನು ಶಾಲೆಗೆ ಹೊರಡಿಸಿ, ಸಂಘದ ಸಾಲದ ಕಂತಿನ ಲೆಕ್ಕ ಬರೆದು, ಆಮೇಲೆ ಬಸ್ಸು ಹಿಡಿದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿಗೆ ಬರುವ ಹುಡುಗಿಗೆ ‘ಸಮಯ ನಿರ್ವಹಣೆ’ಯನ್ನು ಯಾರು ಕಲಿಸಬೇಕು? ಅವಳ ಮುಂದೆ ಆ ಪಾಠವನ್ನು ಪರದೆಯ ಮೇಲೆ ತೋರಿಸುತ್ತಾ ನಿಲ್ಲುವ ಅಧ್ಯಾಪಕರ ಸಂಕೋಚವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬದುಕುವ ಕೌಶಲ ಅವಳಲ್ಲಿ ಧಾರಾಳವಾಗಿದೆ. ಅವಳಿಗೆ ಇಲ್ಲದಿರುವುದು, ಮನೆಯಾಗಲೀ ಊರಾಗಲೀ ಕೊಡಲಾರದೆ ಕಾಲೇಜು ಮಾತ್ರ ಕೊಡಬಹುದಾದದ್ದು, ಬೇರೊಂದು ಬಗೆಯದು. ತನ್ನವರಲ್ಲದವರ ನಡುವೆ ತಾನು ಯಾರು ಎಂದು ತಾನೇ ಹೇಳಿಕೊಳ್ಳಬೇಕಾದ ಸಂದರ್ಭ ಅದು. ಊರಿನಲ್ಲಿ ಆಕೆ ಇಂಥವರ ಮಗಳು, ಇಂಥ ಕೇರಿಯವಳು, ಇಂಥ ಜಾತಿಯವಳು; ಉತ್ತರಗಳೆಲ್ಲ ಅವಳು ಹುಟ್ಟುವ ಮೊದಲೇ ಸಿದ್ಧವಾಗಿರುತ್ತವೆ. ಕಾಲೇಜಿನಲ್ಲಿ ಈ ಉತ್ತರಗಳು ಅಳಿಸಿಹೋಗುವುದಿಲ್ಲ, ಆದರೆ ಅಲ್ಲಿ ಅವಷ್ಟೇ ಸಾಲುವುದಿಲ್ಲ. ವ್ಯಕ್ತಿತ್ವದ ಬೆಳವಣಿಗೆ ಎಂದು ನಾವು ಕರೆಯುವುದು ಈ ಸಾಲದಿರುವಿಕೆಯಿಂದ ಆರಂಭವಾಗುತ್ತದೆ ಎಂಬುದು ನನ್ನ ವಾದ.

ಈ ವಾದಕ್ಕೆ ಸಾಕ್ಷ್ಯವನ್ನು ಎಲ್ಲಿ ಹುಡುಕಬೇಕು? ಶಿಕ್ಷಣಶಾಸ್ತ್ರದವರು ಪ್ರಶ್ನಾವಳಿ ಸಿದ್ಧಪಡಿಸುತ್ತಾರೆ. ನಮ್ಮ ಬಳಿ ಅದಕ್ಕಿಂತ ದಟ್ಟವಾದ ಆಕರವೊಂದಿದೆ. ಕನ್ನಡದಲ್ಲಿ ಬಂದಿರುವ ಆತ್ಮಕಥನಗಳ ಪೈಕಿ ಗಣನೀಯ ಪಾಲು ಮೊದಲ ತಲೆಮಾರಿನ ವಿದ್ಯಾವಂತರು ಬರೆದವು, ಮತ್ತು ಅವುಗಳಲ್ಲಿ ವಿದ್ಯಾರ್ಥಿ ದೆಸೆಯ ಅಧ್ಯಾಯಗಳೇ ಬಹುಮಟ್ಟಿಗೆ ಹೆಚ್ಚು ಜೀವಂತವಾಗಿವೆ. ಇವುಗಳನ್ನು ನಾವು ಸಾಹಿತ್ಯಕೃತಿಗಳಾಗಿ, ಜಾತಿಕಥನಗಳಾಗಿ, ಅನನ್ಯತೆಯ ಸಂಕಥನಗಳಾಗಿ ಓದಿದ್ದೇವೆ. ಕರ್ನಾಟಕದ ಉನ್ನತ ಶಿಕ್ಷಣದ ಒಳಗಿನ ಚರಿತ್ರೆಯಾಗಿ ಓದಿದ್ದು ಕಡಿಮೆ. ಹಾಗೆ ಓದಿದಾಗ ಎದ್ದು ಕಾಣುವ ಮೊದಲ ಸಂಗತಿ ಅಚ್ಚರಿ ಹುಟ್ಟಿಸುತ್ತದೆ: ಈ ಕಥನಗಳಲ್ಲಿ ತರಗತಿಗಿಂತ ಅನ್ನದ ಪ್ರಸ್ತಾಪ ಹೆಚ್ಚು. ವಾರಾನ್ನ ಎಂಬ ಪದ್ಧತಿಯನ್ನೇ ತೆಗೆದುಕೊಳ್ಳಿ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಂಡು ಓದುವುದು. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯಲ್ಲಿ ಬಡತನದ ನಡುವಿನ ಓದು ಎಂಥದೆಂಬುದರ ನಿರ್ದಾಕ್ಷಿಣ್ಯವಾದ ಚಿತ್ರಣವಿದೆ. ನಡುವೆ ಓದು ಬಿಟ್ಟು ಮುಂಬಯಿಗೆ ಹೋಗಿ ರೈಲ್ವೆ ನಿಲ್ದಾಣದಲ್ಲಿ ಹಮಾಲಿ ಮಾಡಿ, ಸಾಧುಗಳ ಗುಂಪಿನೊಂದಿಗೆ ಅಲೆದು ಮತ್ತೆ ಮೈಸೂರಿಗೆ, ಓದಿಗೆ ಮರಳಿದ ಯುವಕನ ಕಥೆ ಅದು. ಬೇರೆಯವರ ಮನೆಯ ಹೊಸಿಲಿನಲ್ಲಿ ಉಣ್ಣಲು ಕಾಯುವ ಹುಡುಗ ಕಲಿಯುವುದನ್ನು ‘ಅಂತರ್ವ್ಯಕ್ತೀಯ ಸಂಬಂಧ’ ಎಂದು ಪಠ್ಯಕ್ರಮ ಕರೆಯಬಹುದು. ಆದರೆ ಅದರಲ್ಲಿ ಕೃತಜ್ಞತೆ ಎಷ್ಟು, ಅವಮಾನ ಎಷ್ಟು, ಛಲ ಎಷ್ಟು ಎಂದು ಬಿಡಿಸಿ ಹೇಳುವುದು ಆತ್ಮಕಥನಕ್ಕೆ ಮಾತ್ರ ಸಾಧ್ಯ. ವಾರಾನ್ನ ಎಲ್ಲ ಜಾತಿಯ ಹುಡುಗರಿಗೂ ತೆರೆದ ಬಾಗಿಲಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಆ ಬಾಗಿಲು ಮುಚ್ಚಿದ್ದವರಿಗೆ ವಿದ್ಯಾರ್ಥಿನಿಲಯಗಳು ಬಂದವು. ಕರ್ನಾಟಕದ ಉನ್ನತ ಶಿಕ್ಷಣದ ಚರಿತ್ರೆಯನ್ನು ೧೯೧೬ರ ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆಯಿಂದ, ೧೯೧೭ರ ಧಾರವಾಡದ ಕರ್ನಾಟಕ ಕಾಲೇಜಿನಿಂದ ಆರಂಭಿಸುವುದು ರೂಢಿ. ನನ್ನ ದೃಷ್ಟಿಯಲ್ಲಿ ಅದಕ್ಕೆ ಸಮಾನಾಂತರವಾಗಿ ಬರೆಯಬೇಕಾದ ಚರಿತ್ರೆಯೊಂದಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೇರೆ ಬೇರೆ ಸಮುದಾಯಗಳ ಸಂಘಗಳು ತೆರೆದ ವಿದ್ಯಾರ್ಥಿನಿಲಯಗಳು, ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದ ನಿಲಯಗಳು, ೧೯೭೦ರ ದಶಕದಲ್ಲಿ ದೇವರಾಜ ಅರಸರ ಕಾಲದಲ್ಲಿ ವಿಸ್ತಾರಗೊಂಡ ಸರ್ಕಾರಿ ವಿದ್ಯಾರ್ಥಿನಿಲಯಗಳು, ಇವೆಲ್ಲ ಸೇರಿ ಅನ್ನ ಮತ್ತು ಮಲಗಲು ಜಾಗ ಎಂಬ ಎರಡು ಸರಳ ಸೌಲಭ್ಯಗಳ ಮೂಲಕ ಯಾರು ಕಾಲೇಜು ಮೆಟ್ಟಿಲು ಹತ್ತಬಹುದು ಎಂಬುದನ್ನು ನಿರ್ಧರಿಸಿದವು. ಇದರಲ್ಲಿ ಒಂದು ವೈರುಧ್ಯವೂ ಅಡಗಿದೆ. ಊರಿನ ಜಾತಿಯಿಂದ ಬಿಡುಗಡೆ ಕೊಟ್ಟ ವಿದ್ಯಾರ್ಥಿನಿಲಯವೇ ಅನೇಕ ವೇಳೆ ಜಾತಿಯ ಹೆಸರಿನಲ್ಲಿತ್ತು. ಹುಡುಗ ಹಗಲಿನಲ್ಲಿ ಎಲ್ಲರೊಡನೆ ಬೆರೆತು, ರಾತ್ರಿ ತನ್ನವರ ಪಂಕ್ತಿಗೆ ಮರಳುತ್ತಿದ್ದ. ಈ ಹಗಲು-ರಾತ್ರಿಗಳ ನಡುವಿನ ಓಡಾಟ ಕನ್ನಡದ ಆಧುನಿಕ ಮನಸ್ಸನ್ನು ಹೇಗೆ ರೂಪಿಸಿತು ಎಂಬ ಬಗ್ಗೆ ಒಂದು ಒಳ್ಳೆಯ ಸಂಶೋಧನಾ ಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿ ಇದೆ.

ಸಂಸ್ಥೆಯೇ ಮನೆಯಾದ ಉದಾಹರಣೆಗಳೂ ಇವೆ. ಕುವೆಂಪು ಅವರ ವಿದ್ಯಾರ್ಥಿ ಜೀವನಕ್ಕೆ ಮೈಸೂರಿನ ಶ್ರೀರಾಮಕೃಷ್ಣಾಶ್ರಮ ಆಸರೆಯಾಯಿತು, ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರೊಡನೆ ಬೆಳೆದ ಬಾಂಧವ್ಯ ‘ಶ್ರೀ ರಾಮಾಯಣ ದರ್ಶನಂ’ ಅವರಿಗೆ ಅರ್ಪಿತವಾಗುವಷ್ಟು ಗಾಢವಾಗಿತ್ತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣನಿಗೆ ತಾಯ್ನುಡಿಯಲ್ಲಿ ಬರೆಯೆಂದು ಜೇಮ್ಸ್ ಕಸಿನ್ಸ್ ಹೇಳಿದ್ದು ಪರೀಕ್ಷೆಗೆ ಸಂಬಂಧಿಸಿದ ಸಂದರ್ಭದಲ್ಲಲ್ಲ. ಎಚ್. ನರಸಿಂಹಯ್ಯನವರಂತೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯವನ್ನು ಪ್ರಾಂಶುಪಾಲರಾದ ಮೇಲೂ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಬಿಡಲಿಲ್ಲ. ೨೦೦೫ರಲ್ಲಿ ನಿಧನರಾಗುವವರೆಗೂ ವಿದ್ಯಾರ್ಥಿಗಳ ನಡುವೆಯೇ ಬದುಕಿದರು. ‘ಹೋರಾಟದ ಹಾದಿ’ಯನ್ನು ಓದಿದವರಿಗೆ ಅದರಲ್ಲಿನ ಸರಳತೆ ಒಂದು ಆದರ್ಶವಾಗಿ ಮಾತ್ರವಲ್ಲ, ಒಂದು ವಿದ್ಯಾರ್ಥಿನಿಲಯದ ದಿನಚರಿಯಾಗಿಯೂ ಕಾಣುತ್ತದೆ. ಅವರು ೧೯೬೨ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ವಾರದ ಉಪನ್ಯಾಸಗಳಿಗೆ ಹಾಜರಾತಿ ಹಾಕುವವರು ಯಾರೂ ಇರಲಿಲ್ಲ. ಬಂದವರು ಬಂದರು, ಕೇಳಿದವರು ಕೇಳಿದರು.

ಇಂಥ ಕಥನಗಳನ್ನಷ್ಟೇ ಮುಂದಿಟ್ಟುಕೊಂಡರೆ ಕಾಲೇಜು ಎಂಬುದು ಬಡ ಪ್ರತಿಭೆಗಳನ್ನು ಅಪ್ಪಿಕೊಳ್ಳುವ ತಾಯಿಯಂತೆ ತೋರಬಹುದು. ದಲಿತ ಆತ್ಮಕಥನಗಳು ಈ ಚಿತ್ರವನ್ನು ಒಡೆಯುತ್ತವೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಶೀರ್ಷಿಕೆಯೇ ಮೀಸಲಾತಿಯ ಫಲಾನುಭವಿಗಳನ್ನು ಕುರಿತು ವಿದ್ಯಾವಂತರ ಲೋಕದಲ್ಲಿ ಚಲಾವಣೆಯಲ್ಲಿದ್ದ ಕುಹಕದಿಂದ ಬಂದದ್ದು. ತನ್ನವರಲ್ಲದವರ ನಡುವೆ ತಾನು ಯಾರೆಂದು ಹೇಳಿಕೊಳ್ಳುವ ಅವಕಾಶ ಎಂದು ಮೇಲೆ ಬರೆದೆ; ಕೆಲವರಿಗೆ ಆ ಅವಕಾಶ ದೊರೆಯುವ ಮೊದಲೇ ಉಳಿದವರು ಹೇಳಿಬಿಟ್ಟಿರುತ್ತಾರೆ. ೧೯೭೩ರ ನವೆಂಬರಿನ ಬೂಸಾ ಪ್ರಕರಣ ಇದರ ತೀವ್ರ ರೂಪ. ಅಂದಿನ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಮಾತಿನ ನೆಪದಿಂದ ಕಾಲೇಜುಗಳು ಬೀದಿಗಿಳಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು, ಕೊನೆಗೆ ಸಚಿವರು ರಾಜೀನಾಮೆ ಕೊಡಬೇಕಾಯಿತು. ಕನ್ನಡ ಸಾಹಿತ್ಯದ ಹೆಸರಿನಲ್ಲಿ, ಸಾಹಿತ್ಯ ಓದುವ ವಯಸ್ಸಿನವರು, ಸಹಪಾಠಿಗಳ ಮೇಲೆ ಕೈಮಾಡಿದ ಆ ದಿನಗಳನ್ನು ಕನ್ನಡ ವಿಭಾಗಗಳಲ್ಲಿರುವ ನಾವು ದಲಿತ-ಬಂಡಾಯ ಸಾಹಿತ್ಯದ ಹಿನ್ನೆಲೆಯಾಗಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತೇವೆ. ಅದು ಕಾಲೇಜು ಎಂಬ ಸಂಸ್ಥೆಯ ವೈಫಲ್ಯದ ಅಧ್ಯಾಯವೂ ಹೌದು.

ಆದರೆ ಅದೇ ಕಾಲದ ಅದೇ ಕಾಲೇಜುಗಳು ಇನ್ನೊಂದನ್ನೂ ಕೊಟ್ಟವು ಎಂಬುದಕ್ಕೆ ಸಿದ್ಧಲಿಂಗಯ್ಯನವರ ‘ಊರುಕೇರಿ’ ಸಾಕ್ಷಿ. ಬೆಂಗಳೂರಿನ ವಿದ್ಯಾರ್ಥಿನಿಲಯದ ಬದುಕು, ಭಾಷಣದ ವೇದಿಕೆಗಳು, ಗೆಳೆಯರ ಗುಂಪು ಇವೆಲ್ಲವನ್ನೂ ಅವರು ಹಾಸ್ಯದ ಲೇಪವಿಟ್ಟು ಹೇಳುತ್ತಾರೆ. ಹಸಿವಿನ ಪ್ರಸಂಗದಲ್ಲೂ ಓದುಗ ನಗುತ್ತಾನೆ, ನಕ್ಕದ್ದಕ್ಕೆ ನಾಚುತ್ತಾನೆ. ಆ ಹಾಸ್ಯ ಎಲ್ಲಿಂದ ಬಂತು ಎಂದು ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ನನಗೆ ತೋರುವಂತೆ ಅದರ ಒಂದು ಮೂಲ ವಿದ್ಯಾರ್ಥಿನಿಲಯದ ರಾತ್ರಿಯ ಹರಟೆಯಲ್ಲಿದೆ. ಒಂದೇ ಬಗೆಯ ಅವಮಾನವನ್ನು ಉಂಡು ಬಂದ ಹತ್ತು ಜನ ಒಂದೆಡೆ ಕುಳಿತಾಗ, ಒಂಟಿಯಾಗಿ ಅನುಭವಿಸಿದ್ದು ಕಥೆಯಾಗುತ್ತದೆ, ಕಥೆ ನಗೆಯಾಗುತ್ತದೆ, ಕೆಲವೊಮ್ಮೆ ಸಂಘಟನೆಯೂ ಆಗುತ್ತದೆ. ದೊಡ್ಡಬಳ್ಳಾಪುರದ ನೇಕಾರ ಹಿನ್ನೆಲೆಯಿಂದ ಬಂದ ಡಿ.ಆರ್. ನಾಗರಾಜರೊಡನೆ ಸಿದ್ಧಲಿಂಗಯ್ಯನವರಿಗೆ ವಿದ್ಯಾರ್ಥಿ ದೆಸೆಯಿಂದ ಬೆಳೆದ ಗೆಳೆತನವನ್ನು ನೆನೆಯಿರಿ. ತಮ್ಮ ತಮ್ಮ ಊರುಗಳಲ್ಲೇ ಉಳಿದಿದ್ದರೆ ಇವರಿಬ್ಬರೂ ಒಂದೆಡೆ ಕುಳಿತು ಮಾತಾಡುವ ಸಂದರ್ಭ ಒದಗುತ್ತಿರಲಿಲ್ಲ. ೧೯೭೫ರ ‘ಹೊಲೆಮಾದಿಗರ ಹಾಡು’ ಮತ್ತು ಮುಂದೆ ನಾಗರಾಜರು ಬೆಳೆಸಿದ ವಿಮರ್ಶೆ, ಇವೆರಡಕ್ಕೂ ಆ ಗೆಳೆತನ ಹೊರಗಿನ ಸಂಗತಿಯಲ್ಲ. ಯಾವ ಪಠ್ಯಕ್ರಮ ಸಮಿತಿಯೂ ಇದನ್ನು ಯೋಜಿಸಿರಲಿಲ್ಲ. ಯೋಜಿಸಲು ಬರುವುದೂ ಇಲ್ಲ. ಒಟ್ಟಿಗೆ ಇರಲು ಜಾಗ ಮತ್ತು ಸಮಯ ಇದ್ದವು ಎಂಬುದಷ್ಟೇ ಸಂಸ್ಥೆಯ ಕೊಡುಗೆ.

ಧಾರವಾಡದ್ದು ಸ್ವಲ್ಪ ಬೇರೆ ಬಗೆ. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು ಆಯ್ದುಕೊಂಡದ್ದು ಹೆಚ್ಚು ಅಂಕ ಪಡೆದು ವಿದೇಶಕ್ಕೆ ಹೋಗುವ ಲೆಕ್ಕಾಚಾರದಿಂದ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ೧೯೫೮ರಲ್ಲಿ ಪದವಿ ಬಂತು, ಆಕ್ಸ್‌ಫರ್ಡಿನ ದಾರಿಯೂ ತೆರೆಯಿತು. ಆದರೆ ೧೯೬೧ರಲ್ಲಿ ‘ಯಯಾತಿ’ ಹೊರಬಂದದ್ದು ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯಿಂದ. ಆ ಪ್ರಕಾಶನದ ಅಟ್ಟದ ಮೇಲೆ ಸೇರುತ್ತಿದ್ದವರ ಮಾತುಕತೆಯ ಋಣವನ್ನು ‘ಆಡಾಡತ ಆಯುಷ್ಯ’ ಮನಸಾರೆ ಒಪ್ಪಿಕೊಳ್ಳುತ್ತದೆ. ಅಂಕ ಒಂದು ಕಡೆ, ಅಟ್ಟ ಇನ್ನೊಂದು ಕಡೆ. ಎರಡೂ ಅವರಿಗೆ ಬೇಕಾಗಿದ್ದವು ಎಂಬುದನ್ನು ಮರೆಯಬಾರದು. ಅಂಕವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಕಾಲೇಜು ಇರುವ ಊರಿಗೆ ಒಂದು ಅಟ್ಟವೂ ಇರಬೇಕು, ಮತ್ತು ಆ ಅಟ್ಟ ಹತ್ತಲು ವಿದ್ಯಾರ್ಥಿಗೆ ಸಂಜೆ ಬಿಡುವಿರಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಆರಂಭಿಸಿದಾಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿಯೇ ಇರಲಿಲ್ಲ, ಅದು ಬಂದದ್ದು ೧೯೨೭ರಲ್ಲಿ. ಎಂದರೆ, ಪಠ್ಯಕ್ರಮದೊಳಗೆ ಕನ್ನಡ ಉನ್ನತ ಸ್ಥಾನ ಪಡೆಯುವುದಕ್ಕೆ ಎಂಟು ವರ್ಷ ಮೊದಲೇ ಪಠ್ಯಕ್ರಮದ ಹೊರಗೆ, ಸಂಜೆಯ ಸಂಘದಲ್ಲಿ, ಅದಕ್ಕೆ ಆ ಸ್ಥಾನ ದೊರೆತಿತ್ತು. ಎ.ಆರ್. ಕೃಷ್ಣಶಾಸ್ತ್ರಿಗಳಂಥವರು ಅಂಕವಿಲ್ಲದ ಗಂಟೆಯಲ್ಲಿ ಮಾಡಿದ ಕೆಲಸದ ಮೇಲೆಯೇ ನಮ್ಮ ವಿಭಾಗಗಳು ನಿಂತಿವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಗಂಟೆಯ ಲೆಕ್ಕವೇ ಬೇರೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರಿಗೆ ಆ ಓದು ‘ಬೆಕ್ಕಿನ ಕಣ್ಣು’, ‘ಶರಪಂಜರ’ಗಳ ಹೆಣ್ಣಿನ ಅಂತರಂಗವನ್ನು ನೋಡುವ ಕಣ್ಣು ಕೊಟ್ಟಿತು ಎಂದು ನಾವು ಬೋಧಿಸುತ್ತೇವೆ. ಅದು ತರಗತಿಯ ಕೊಡುಗೆ, ನಿಜ. ಆದರೆ ಅಟ್ಟದ ಹರಟೆ, ವಿದ್ಯಾರ್ಥಿನಿಲಯದ ರಾತ್ರಿ, ರಸ್ತೆ ಬದಿಯ ಚಹಾ ಇವು ಗಂಡಸರ ಆತ್ಮಕಥನಗಳಲ್ಲಿ ಸಿಗುವಷ್ಟು ಹೆಂಗಸರ ಕಥನಗಳಲ್ಲಿ ಸಿಗುವುದಿಲ್ಲ. ಹೆಣ್ಣು ಮಗಳ ಅಂಕವಿಲ್ಲದ ಗಂಟೆ ಬಹುಪಾಲು ಬಸ್ಸಿನಲ್ಲಿ ಕಳೆಯುತ್ತದೆ. ಪದವಿಯ ಮೂರು ವರ್ಷ ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲಿ ಕಳೆದವಳಾಗಿ ಇದನ್ನು ಹೇಳುತ್ತಿದ್ದೇನೆ. ನಮ್ಮ ಗೆಳೆತನ, ಜಗಳ, ಪುಸ್ತಕ ವಿನಿಮಯ, ಮದುವೆಯ ಪ್ರಸ್ತಾಪ ಬಂದವಳಿಗೆ ಏನು ಉತ್ತರಿಸಬೇಕೆಂಬ ಸಮಾಲೋಚನೆ ಎಲ್ಲವೂ ಅಲ್ಲೇ ನಡೆಯುತ್ತಿದ್ದವು. ಚರ್ಚಾಸ್ಪರ್ಧೆ ಮಧ್ಯಾಹ್ನ ಮೂರಕ್ಕೆ ಎಂದು ಸೂಚನಾ ಫಲಕದಲ್ಲಿ ಬಂದರೆ, ಊರಿನ ಬಸ್ಸು ಒಂದೂವರೆಗೆ ಹೊರಡುವ ಹುಡುಗಿಯರು ಆ ಫಲಕವನ್ನು ಪೂರ್ತಿ ಓದುತ್ತಿರಲಿಲ್ಲ. ೨೦೨೩ರ ಜೂನ್ ೧೧ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯನ್ನು ಖಜಾನೆಯ ಹೊರೆ, ಬಸ್ಸಿನ ನೂಕುನುಗ್ಗಲು ಎಂಬ ದೃಷ್ಟಿಯಿಂದ ಬಹಳ ಚರ್ಚಿಸಲಾಗಿದೆ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಂಗಿಲ್ಲದಿರುವುದು ಕಾಲೇಜು ವಿದ್ಯಾರ್ಥಿನಿಯರ ಚಲನೆಯನ್ನು ಹೇಗೆ ಬದಲಿಸಿದೆ, ಪಾಸಿನಲ್ಲಿ ನಮೂದಾದ ಎರಡು ನಿಲ್ದಾಣಗಳ ಆಚೆಗೆ, ಜಿಲ್ಲಾ ಗ್ರಂಥಾಲಯಕ್ಕೋ ನಾಟಕಕ್ಕೋ ಪುಸ್ತಕದಂಗಡಿಗೋ ಅವರು ಹೋಗುತ್ತಿದ್ದಾರೆಯೇ ಎಂಬುದನ್ನು ಮಾನವಿಕ ವಿಭಾಗಗಳು ಕೇಳಬೇಕಿತ್ತು. ದೇಶದಲ್ಲಿ ೨೦೨೧-೨೨ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದಾಖಲಾದ ೪.೩೩ ಕೋಟಿ ವಿದ್ಯಾರ್ಥಿಗಳಲ್ಲಿ ೨.೦೭ ಕೋಟಿ ಹೆಣ್ಣುಮಕ್ಕಳು. ಸಂಖ್ಯೆಯಲ್ಲಿ ಸಮಾನತೆ ಹತ್ತಿರ ಬಂದಿದೆ. ಸಂಜೆಯಲ್ಲಿ ಇನ್ನೂ ಬಂದಿಲ್ಲ.

ಈ ಹಿನ್ನೆಲೆಯಲ್ಲಿ ಇಂದಿನ ವ್ಯವಸ್ಥೆಯನ್ನು ನೋಡಿದರೆ ಅದು ಒಂದು ಕೈಯಿಂದ ಜೀವನ ಕೌಶಲವನ್ನು ಪತ್ರಿಕೆಯಾಗಿ ಕೊಟ್ಟು, ಇನ್ನೊಂದು ಕೈಯಿಂದ ಆ ಕೌಶಲ ಹುಟ್ಟುವ ಬಿಡುವನ್ನು ಕಿತ್ತುಕೊಳ್ಳುತ್ತಿದೆ ಎನ್ನಬೇಕಾಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಪದವಿ ತರಗತಿಗಳಿಗೆ ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಶೈಕ್ಷಣಿಕ ವರ್ಷ ಎಂಬುದು ಪ್ರವೇಶ, ಕಿರುಪರೀಕ್ಷೆ, ನಿಯೋಜಿತ ಕಾರ್ಯ, ಪರೀಕ್ಷೆ, ಮೌಲ್ಯಮಾಪನ, ಮತ್ತೆ ಪ್ರವೇಶ ಎಂಬ ಸರಪಳಿಯಾಗಿದೆ. ಕನ್ನಡ ಸಂಘದ ಉದ್ಘಾಟನೆ ಮತ್ತು ಸಮಾರೋಪ ಎರಡನ್ನೂ ಒಂದೇ ದಿನ ಮುಗಿಸುವ ಕಾಲೇಜುಗಳಿವೆ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ಬಹುದೊಡ್ಡ ಭಾರವನ್ನು ಹೊತ್ತಿರುವ ಅತಿಥಿ ಉಪನ್ಯಾಸಕರು ವರ್ಷ ವರ್ಷವೂ ತಮ್ಮ ಸ್ಥಾನದ ಅನಿಶ್ಚಿತತೆಯಲ್ಲಿ ಬದುಕುತ್ತಾರೆ. ನಿಗದಿತ ತರಗತಿಯಾಚೆ ಒಂದು ಗಂಟೆ ಕುಳಿತು ವಿದ್ಯಾರ್ಥಿಯ ಕವಿತೆ ನೋಡಿಕೊಡಿ ಎಂದು ಅವರನ್ನು ಕೇಳುವ ನೈತಿಕ ಹಕ್ಕು ವ್ಯವಸ್ಥೆಗೆ ಇಲ್ಲ. ಹಾಗಿದ್ದೂ ಅನೇಕರು ಕುಳಿತು ನೋಡಿಕೊಡುತ್ತಾರೆ. ವೆಂಕಣ್ಣಯ್ಯನವರ ಪರಂಪರೆ ಎಂದು ಕರೆಯಬೇಕಾದದ್ದು ಇದನ್ನೇ.

ಅಂಕ ಮತ್ತು ಅನುಭವದ ಸಂಬಂಧಕ್ಕೆ ರಾಷ್ಟ್ರೀಯ ಸೇವಾ ಯೋಜನೆ ಒಂದು ಕುತೂಹಲಕರ ನಿದರ್ಶನ. ೧೯೬೯ರಲ್ಲಿ ೩೭ ವಿಶ್ವವಿದ್ಯಾಲಯಗಳ ೪೦,೦೦೦ ವಿದ್ಯಾರ್ಥಿಗಳೊಂದಿಗೆ ಆರಂಭವಾದ ಈ ಯೋಜನೆ ಸ್ವಯಂಸೇವಕರಿಂದ ವರ್ಷಕ್ಕೆ ೧೨೦ ಗಂಟೆಗಳ ಸೇವೆಯನ್ನೂ ಏಳು ದಿನಗಳ ವಿಶೇಷ ಶಿಬಿರವನ್ನೂ ನಿರೀಕ್ಷಿಸುತ್ತದೆ. ಶಿಬಿರದ ಚರಂಡಿ ಕೆಲಸ ಮಳೆಗಾಲದಲ್ಲಿ ಮತ್ತೆ ಮುಚ್ಚಿಹೋಗುವುದನ್ನು ಎಲ್ಲರೂ ಬಲ್ಲರು. ಆದರೂ ಆ ಏಳು ರಾತ್ರಿ ಸರ್ಕಾರಿ ಶಾಲೆಯ ಜಗುಲಿಯ ಮೇಲೆ ಮಲಗಿ, ನೂರು ಜನಕ್ಕೆ ಉಪ್ಪಿಟ್ಟು ಕಲಸಿ, ಯಾರದೋ ಹಟ್ಟಿಯ ಅಜ್ಜಿಯಿಂದ ಸೋಬಾನೆ ಪದ ಬರೆದುಕೊಂಡ ವಿದ್ಯಾರ್ಥಿ ಇಪ್ಪತ್ತು ವರ್ಷಗಳ ನಂತರವೂ ಅದನ್ನೇ ನೆನೆಯುತ್ತಾನೆ. ನಮ್ಮ ಜಾನಪದ ಸಂಶೋಧಕರಲ್ಲಿ ಕೆಲವರಿಗಾದರೂ ಕ್ಷೇತ್ರಕಾರ್ಯದ ಮೊದಲ ರುಚಿ ಸಿಕ್ಕಿದ್ದು ಇಂಥ ಶಿಬಿರಗಳಲ್ಲಿಯೇ ಇರಬೇಕು. ಇದನ್ನೂ ಪ್ರಮಾಣಪತ್ರಕ್ಕಾಗಿ, ಛಾಯಾಚಿತ್ರಕ್ಕಾಗಿ ನಡೆಸುವ ಕಡೆ ಶಿಬಿರ ನಡೆಯುತ್ತದೆ, ಬೇರೇನೂ ನಡೆಯುವುದಿಲ್ಲ.

ಹಾಗಾದರೆ ಕನ್ನಡ ವಿಭಾಗಗಳ ಪಾಲೇನು? ನಮ್ಮಲ್ಲಿ ಈಗಾಗಲೇ ಇರುವ ಒಂದು ಸೌಲಭ್ಯದ ಬೆಲೆಯನ್ನು ನಾವೇ ಅರಿತಂತಿಲ್ಲ. ಪದವಿ ಕಾಲೇಜಿನಲ್ಲಿ ಇತಿಹಾಸದವರು, ಅರ್ಥಶಾಸ್ತ್ರದವರು, ಸಮಾಜಶಾಸ್ತ್ರದವರು, ಐಚ್ಛಿಕ ಕನ್ನಡದವರು ತಮ್ಮ ತಮ್ಮ ಕೊಠಡಿಗಳಿಗೆ ಚದುರಿಹೋಗುತ್ತಾರೆ. ಅವರೆಲ್ಲ ಒಂದೇ ಕೊಠಡಿಯಲ್ಲಿ ಕೂರುವುದು ಬಹುಮಟ್ಟಿಗೆ ಭಾಷಾ ತರಗತಿಯಲ್ಲಿ. ನೂರು, ಕೆಲವೊಮ್ಮೆ ನೂರಿಪ್ಪತ್ತು ಜನರ ಆ ತರಗತಿಯನ್ನು ನಾವು ಗದ್ದಲದ ತರಗತಿ ಎಂದು ದೂರುತ್ತೇವೆ. ಆದರೆ ವಚನವೊಂದನ್ನು, ಕುಮಾರವ್ಯಾಸನ ದ್ರೌಪದಿಯ ಪ್ರಶ್ನೆಯನ್ನು, ದೇವನೂರರ ಒಂದು ಕಥೆಯನ್ನು ಅಷ್ಟು ಬಗೆಯ ಹಿನ್ನೆಲೆಗಳ ಮುಂದೆ ಓದಿದಾಗ ಏಳುವ ಭಿನ್ನಾಭಿಪ್ರಾಯ ಸ್ನಾತಕೋತ್ತರ ವಿಭಾಗದ ಹದಿನೈದು ಜನರ ವಿಚಾರಸಂಕಿರಣದಲ್ಲಿ ಏಳುವುದಿಲ್ಲ. ತಾನು ಒಪ್ಪದ ಮಾತನ್ನು ಪೂರ್ತಿ ಕೇಳಿ, ಎದ್ದು ನಿಂತು, ತನ್ನ ಊರಿನ ಕನ್ನಡದಲ್ಲಿಯೇ ಉತ್ತರಿಸುವುದು ಯಾವ ಪಟ್ಟಿಯಲ್ಲಿದ್ದರೂ ಇಲ್ಲದಿದ್ದರೂ ಪ್ರಜಾಪ್ರಭುತ್ವಕ್ಕೆ ಬೇಕಾದ ಕೌಶಲ. ಆ ಅವಕಾಶವಿರುವ ತರಗತಿಯಲ್ಲಿ ಸಾರಾಂಶ ಬರೆಸಿ ಕಳುಹಿಸಿದರೆ, ಜೀವನ ಕೌಶಲದ ಪತ್ರಿಕೆಯನ್ನು ಟೀಕಿಸುವ ಅಧಿಕಾರ ನಮಗೆ ಉಳಿಯುವುದಿಲ್ಲ. ಆಡಳಿತದ ಲೆಕ್ಕದಲ್ಲಿ ಭಾಷೆಯ ಬೋಧನಾವಧಿಗಳು ಪದೇ ಪದೇ ಕತ್ತರಿಗೆ ಸಿಗುವ ಕಾಲದಲ್ಲಿ ಅವುಗಳ ಪರವಾಗಿ ವಾದಿಸುವಾಗ ಅಸ್ಮಿತೆಯ ಮಾತಿನ ಜೊತೆಗೆ ಈ ಮಾತನ್ನೂ ನಾವು ಆಡಬೇಕಾಗಿದೆ.

ಈ ಬರಹದ ಆಕರಗಳ ಬಗ್ಗೆ ಒಂದು ಆಕ್ಷೇಪವನ್ನು ಯಾರಾದರೂ ಎತ್ತಬಹುದು, ಎತ್ತಬೇಕು ಕೂಡ. ಆತ್ಮಕಥನ ಬರೆಯುವವರು ಗೆದ್ದವರು. ವಿದ್ಯಾರ್ಥಿನಿಲಯದ ಅನ್ನ ಸಾಲದೆ, ಮದುವೆ ನಿಶ್ಚಯವಾಗಿ, ಇಂಗ್ಲಿಷ್ ಪತ್ರಿಕೆ ಉಳಿದುಹೋಗಿ, ಮೂರನೆಯ ಸೆಮಿಸ್ಟರಿಗೆ ಮರಳಿ ಬಾರದವರು ಆತ್ಮಕಥೆ ಬರೆದಿಲ್ಲ. ಕಾಲೇಜು ಅವರನ್ನು ಹೇಗೆ ರೂಪಿಸಿತು ಅಥವಾ ಹೇಗೆ ಮುರಿಯಿತು ಎಂಬುದಕ್ಕೆ ಅಚ್ಚಾದ ಪುಸ್ತಕಗಳಲ್ಲಿ ಸಾಕ್ಷ್ಯ ಕಡಿಮೆ. ಅದು ಇರುವುದು ಬೇರೆಡೆ: ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ ಒಮ್ಮೆ ಮಾತ್ರ ಕಾಣಿಸಿಕೊಂಡ ಹೆಸರುಗಳಲ್ಲಿ, ಕೈಬರಹದ ಭಿತ್ತಿಪತ್ರಿಕೆಗಳಲ್ಲಿ, ಕನ್ನಡ ಸಂಘದ ನಡಾವಳಿ ಪುಸ್ತಕಗಳಲ್ಲಿ, ವಿದ್ಯಾರ್ಥಿನಿಲಯಗಳ ದಾಖಲಾತಿ ವಹಿಗಳಲ್ಲಿ. ಕಟ್ಟಡ ನವೀಕರಣ ಮತ್ತು ಮೌಲ್ಯಾಂಕನ ಸಮಿತಿಯ ಭೇಟಿಯ ಸಂದರ್ಭದಲ್ಲಿ ಇಂಥ ಕಾಗದಗಳನ್ನು ತೂಕಕ್ಕೆ ಹಾಕುವುದು ಸಾಮಾನ್ಯ. ಹಳಗನ್ನಡದ ತಾಳೆಗರಿಗಳನ್ನು ಹುಡುಕಿಕೊಂಡು ಊರೂರು ಅಲೆದವರ ವಂಶದ ನಾವು ಐವತ್ತು ವರ್ಷದ ಹಿಂದಿನ ಕಾಲೇಜು ಸಂಚಿಕೆಯನ್ನು ಆಕರವೆಂದೇ ಪರಿಗಣಿಸುವುದಿಲ್ಲ.

ಈ ಕೆಲಸಕ್ಕೆ ಪ್ರತ್ಯೇಕ ಅನುದಾನ ಬೇಕಾಗಿಲ್ಲ. ಪದವಿ ತರಗತಿಗಳಲ್ಲಿ ಆಂತರಿಕ ಅಂಕಗಳಿಗಾಗಿ ಹೇಗೂ ನಿಯೋಜಿತ ಕಾರ್ಯವನ್ನು ಕೊಡಲೇಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಕವಿಪರಿಚಯವನ್ನು ಬರೆಸುವ ಬದಲು, ತಮ್ಮ ಕಾಲೇಜಿನಲ್ಲಿ ಓದು ಆರಂಭಿಸಿ ಮುಗಿಸಲಾಗದೆ ಹೋದ ತಮ್ಮೂರಿನ ಒಬ್ಬರನ್ನು, ಅವರ ಒಪ್ಪಿಗೆ ಪಡೆದು, ಮಾತಾಡಿಸಿ ನಾಲ್ಕು ಪುಟ ಬರೆದುಕೊಂಡು ಬರಲು ಹೇಳಬಹುದು. ಹೆಸರು ಹಾಕುವುದು ಬೇಡ. ಒಂದು ಜಿಲ್ಲೆಯ ಹತ್ತು ಕಾಲೇಜುಗಳ ಕನ್ನಡ ವಿಭಾಗಗಳು ಎರಡು ವರ್ಷ ಹೀಗೆ ಮಾಡಿದರೆ ಸಾವಿರಕ್ಕೂ ಹೆಚ್ಚು ಕಥನಗಳು ಕೈಸೇರುತ್ತವೆ. ಅವುಗಳನ್ನು ತಿದ್ದಿ ಶಿಷ್ಟ ಕನ್ನಡಕ್ಕೆ ತರದೆ, ಬರೆದುಕೊಂಡು ಬಂದ ಭಾಷೆಯಲ್ಲಿಯೇ ವಿಭಾಗದ ಗ್ರಂಥಾಲಯದಲ್ಲಿ ಇಡಬೇಕು. ಮುಂದಿನ ಸೆಮಿಸ್ಟರಿನ ನಿಯೋಜಿತ ಕಾರ್ಯದ ಪಟ್ಟಿಯನ್ನು ವಿಭಾಗದ ಸಭೆಯಲ್ಲಿ ಅಂತಿಮಗೊಳಿಸುವ ಮುನ್ನ ಇದನ್ನು ಪರಿಶೀಲಿಸಲು ಅವಕಾಶವಿದೆ.